ಚಿತ್ರ ಕೇಳಿದ್ದಾರೆ, ಎಷ್ಟು ಹೇಳಲಿ?

ನಿಮ್ಮ ಮನೆಯಲ್ಲೋ ನೆಂಟರಲ್ಲೋ ಫೋಟೋ ತೆಗೆಯುವ ಹುಚ್ಚು ಹತ್ತಿಸಿಕೊಂಡ ಒಬ್ಬ ಮಗನೋ ಮಗಳೋ ಇದ್ದೇ ಇರುತ್ತಾರೆ. ಮದುವೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ಅವರು ಅಂಗಳದ ಮೂಲೆಯಲ್ಲಿ ಕೆಸುವಿನ ಎಲೆಯ ಮೇಲಿನ ಹನಿಯ ಮುಂದೆ ಬಗ್ಗಿರುತ್ತಾರೆ. ಹಿರಿಯರು ನಗುತ್ತಾರೆ, ಕೆಲವೊಮ್ಮೆ ಗದರುತ್ತಾರೆ. ಹೀಗಿರುವಾಗ ಒಂದು ದಿನ ಊರಿನ ಅಂಗಡಿಯವರೋ ಹೋಟೆಲಿನವರೋ ಬಂದು, "ನಿಮ್ಮ ಆ ಚಿತ್ರ ನಮಗೆ ಬೇಕಿತ್ತು, ಎಷ್ಟು ಕೊಡಬೇಕು?" ಎಂದು ಕೇಳಿದರೆ ಏನು ಹೇಳುತ್ತೀರಿ? ನೂರಕ್ಕೆ ತೊಂಬತ್ತು ಮನೆಗಳಲ್ಲಿ ಉತ್ತರ ಒಂದೇ ಇರುತ್ತದೆ ಎಂದು ನನ್ನ ಅಂದಾಜು. "ಅಯ್ಯೋ, ದುಡ್ಡು ಯಾಕೆ? ತೆಗೆದುಕೊಳ್ಳಿ."

ನನ್ನ ತಮ್ಮನ ಮಗಳಿಗೆ ಈ ಪ್ರಶ್ನೆ ಎದುರಾಯಿತು. ಅವಳು ಪದವಿ ತರಗತಿಯ ಕೊನೆಯ ವರ್ಷದಲ್ಲಿದ್ದಾಳೆ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣಕ್ಕೆ ಇನ್ನಷ್ಟು ಸೇರಿಸಿ ಒಂದು ಹಳೆಯ ಕ್ಯಾಮರಾ ಕೊಂಡಿದ್ದಳು. ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆ ಇದೆಯಲ್ಲ, ಅಲ್ಲಿ ಒಂದು ಮಳೆಗಾಲದ ಬೆಳಿಗ್ಗೆ ತೆಗೆದ ಚಿತ್ರವದು. ಬೂದು ಬಣ್ಣದ ಆಕಾಶ, ಅದೇ ಬಣ್ಣದ ನೀರು, ನಡುವೆ ಒಂದು ಸಣ್ಣ ದೋಣಿ, ದೋಣಿಯಲ್ಲಿ ನಿಂತು ಬೀಸುಬಲೆ ಎಸೆಯುತ್ತಿರುವ ಒಬ್ಬ ಮನುಷ್ಯ. ಮುಖ ಕಾಣುವುದಿಲ್ಲ, ಕಪ್ಪು ಆಕೃತಿ ಮಾತ್ರ. ಬಲೆ ಗಾಳಿಯಲ್ಲಿ ಪೂರ್ತಿ ಅರಳಿದ ಆ ಒಂದು ಕ್ಷಣಕ್ಕಾಗಿ ಅವಳು ತನ್ನ ಅಣ್ಣನೊಂದಿಗೆ ನಾಲ್ಕು ಬೆಳಿಗ್ಗೆ ಅಲ್ಲಿಗೆ ಹೋಗಿದ್ದಳು. ಸುಬಹಿ ನಮಾಝ್ ಮುಗಿಸಿ ಹೊರಟರೆ ಹಿಂದಿರುಗುವಾಗ ಇಬ್ಬರೂ ಒದ್ದೆಮುದ್ದೆ.

ಕೇಳಿದವರು ಪೇಟೆಯ ಒಬ್ಬ ಹೋಟೆಲ್ ಮಾಲೀಕರು. ನಮಗೆ ದೂರದ ನೆಂಟಸ್ತಿಕೆಯೂ ಹೌದು, ಒಂದೇ ಮಸೀದಿಯ ಜಮಾಅತ್ ಸದಸ್ಯರೂ ಹೌದು. ಹೋಟೆಲನ್ನು ಹೊಸದಾಗಿ ಮಾಡಿದ್ದರು. ಗೋಡೆಗೊಂದು ದೊಡ್ಡ ಚಿತ್ರ, ಮೆನು ಕಾರ್ಡಿಗೆ ಅದೇ ಚಿತ್ರ ಬೇಕಿತ್ತು. "500 ರೂಪಾಯಿ ಕೊಡುತ್ತೇನೆ, ಮನೆಯವರೆಲ್ಲ ಬಂದು ಬಿರಿಯಾನಿ ತಿಂದು ಹೋಗಿ" ಎಂದರಂತೆ. ಅವರು ಕೆಟ್ಟವರಲ್ಲ. ಫೋಟೋಕ್ಕೆ ಬೆಲೆ ಇರುತ್ತದೆ ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ, ಅಷ್ಟೆ. ಹುಡುಗಿಯ ತಂದೆಗೂ ಬಂದಿರಲಿಲ್ಲ. "ಬೆರಳಿನಿಂದ ಒಂದು ಗುಂಡಿ ಒತ್ತಿದ್ದಕ್ಕೆ ಸಂಬಂಧಿಕರಿಂದ ದುಡ್ಡು ಕೇಳುವುದೇ?" ಎಂದು ಅವನ ವಾದ. ಅವಳ ಅಣ್ಣ ಇನ್ನೊಂದು ತುದಿ; 15,000 ಕೇಳು ಎಂದ. ಹುಡುಗಿ ಅಳುಮೋರೆ ಮಾಡಿಕೊಂಡು ನನ್ನ ಹತ್ತಿರ ಬಂದಳು. ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುವವರಿಗೆ ಫೋಟೋದ ದರ ಏನು ಗೊತ್ತು ಎಂದು ನೀವು ನಗಬಹುದು. ಆದರೆ ಅವಳು ಕೇಳಿದ್ದು ದರವನ್ನಲ್ಲ. "ಕೇಳುವುದು ಸರಿಯೋ ತಪ್ಪೋ ಹೇಳಿ" ಎಂದಳು.

ಸರಿ ಎಂದೆ. ಯಾಕೆಂದು ನಿಮಗೂ ಹೇಳಬೇಕು.

ನಾವು ಫಿಕ್‌ಹ್ ಓದುವಾಗ ವ್ಯವಹಾರದ ಅಧ್ಯಾಯಗಳಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಕಲಿಸುತ್ತಾರೆ. ಒಂದು ಬೈಅ್, ಅಂದರೆ ಮಾರಾಟ. ಇನ್ನೊಂದು ಇಜಾರ, ಅಂದರೆ ಬಾಡಿಗೆ. ಮಾರಾಟದಲ್ಲಿ ವಸ್ತುವೇ ಕೈ ಬದಲಾಗುತ್ತದೆ. ಇಜಾರದಲ್ಲಿ ವಸ್ತು ಯಜಮಾನನದ್ದೇ, ಅದರ ಪ್ರಯೋಜನ ಮಾತ್ರ ಇನ್ನೊಬ್ಬನಿಗೆ ಸಲ್ಲುತ್ತದೆ. ಮನೆ ಬಾಡಿಗೆಗೆ ಕೊಟ್ಟಂತೆ. ಇಜಾರ ಸಿಂಧುವಾಗಬೇಕಾದರೆ ಪ್ರಯೋಜನ ಯಾವುದೆಂದು ಗೊತ್ತಿರಬೇಕು, ಅವಧಿ ಗೊತ್ತಿರಬೇಕು, ಬಾಡಿಗೆ ಎಷ್ಟೆಂದು ಗೊತ್ತಿರಬೇಕು. ಇದರಲ್ಲಿ ಒಂದು ಮಸುಕಾಗಿದ್ದರೂ ಗರರ್ ಎಂಬ ಅನಿಶ್ಚಿತತೆ ಬರುತ್ತದೆ, ಜಗಳಕ್ಕೆ ದಾರಿಯಾಗುತ್ತದೆ. ಇಂದು ಫೋಟೋ ಕೊಡುವವರು ಲೈಸೆನ್ಸ್ ಎನ್ನುತ್ತಾರಲ್ಲ, ಅದು ಈ ಇಜಾರಕ್ಕೆ ಎಷ್ಟು ಹತ್ತಿರವಿದೆ ನೋಡಿ. ಚಿತ್ರ ಅವಳದ್ದೇ. ಎಲ್ಲಿ ಬಳಸುವುದು, ಎಷ್ಟು ಕಾಲ ಬಳಸುವುದು, ಅದಕ್ಕೆ ಎಷ್ಟು ಕೊಡುವುದು ಎಂಬುದಷ್ಟೇ ಮಾತುಕತೆ.

ಹಳೆಯ ಕಾಲದ ಕೆಲವು ಉಲಮಾಗಳು ಗ್ರಂಥದ ಹಕ್ಕು ಮುಂತಾದ ಕೈಗೆ ಸಿಗದ ಹಕ್ಕುಗಳಿಗೆ ಬೆಲೆ ಪಡೆಯುವುದನ್ನು ಒಪ್ಪಿರಲಿಲ್ಲ, ನಿಜ. ಹನಫಿ ಮದ್‌ಹಬಿನ ಪ್ರಾಚೀನ ವಿದ್ವಾಂಸರು ಪ್ರಯೋಜನವನ್ನು ಸ್ವತಃ ಸಂಪತ್ತೆಂದು ಎಣಿಸುತ್ತಿರಲಿಲ್ಲ. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಎಣಿಸುತ್ತಾರೆ. ಈಗಿನ ಕಾಲಕ್ಕೆ ಬಂದರೆ, 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು ಬರವಣಿಗೆ, ಆವಿಷ್ಕಾರ, ವ್ಯಾಪಾರಿ ಹೆಸರು ಇಂಥವುಗಳ ಹಕ್ಕು ಅದರ ಒಡೆಯನಿಗೆ ಸೇರಿದ್ದು, ಅದಕ್ಕೆ ಆರ್ಥಿಕ ಮೌಲ್ಯವಿದೆ, ಅದನ್ನು ಅತಿಕ್ರಮಿಸಬಾರದು ಎಂದು ನಿರ್ಣಯಿಸಿತು. ಚಿತ್ರ ತೆಗೆದವಳ ಹಕ್ಕನ್ನೂ ಇದೇ ಸಾಲಿನಲ್ಲಿ ಇಡುವುದಕ್ಕೆ ನನಗೇನೂ ಅಡ್ಡಿ ಕಾಣುವುದಿಲ್ಲ. ಇನ್ನು ಜೀವಿಗಳ ಚಿತ್ರದ ಬಗ್ಗೆ ಉಲಮಾಗಳ ನಡುವೆ ಇರುವ ಚರ್ಚೆ ಬೇರೆ. ಅದರಲ್ಲಿ ನಿಮ್ಮ ಮನಸ್ಸು ಯಾವ ಕಡೆಗಿದ್ದರೂ ನದಿ, ಆಕಾಶ, ಮರ, ದೋಣಿಯ ಚಿತ್ರದ ಬಗ್ಗೆ ತಕರಾರಿಲ್ಲ.

ಸಂಬಂಧಿಕರಿಂದ ದುಡ್ಡು ಕೇಳುವುದೇ ಎಂಬ ಮಾತಿಗೆ ನನ್ನ ಬಳಿ ಬೇರೆ ಉತ್ತರವಿತ್ತು. ಮದ್‌ಯನ್ ಜನಾಂಗಕ್ಕೆ ಪ್ರವಾದಿ ಶುಐಬ್(ಅ) ಹೇಳಿದ್ದು ಅಳತೆ ತೂಕದ ಬಗ್ಗೆ ಮಾತ್ರವಲ್ಲ, ಇನ್ನೊಬ್ಬರ ವಸ್ತುವಿನ ಮೌಲ್ಯವನ್ನು ಕುಗ್ಗಿಸಬಾರದು ಎಂದೂ ಎಚ್ಚರಿಸಿದ್ದರು. ಅದೇ ಹೋಟೆಲಿನ ಗೋಡೆಗೆ ಬಣ್ಣ ಬಳಿದವನಿಗೆ, ಮೇಜು ಮಾಡಿದ ಬಡಗಿಗೆ, ದೀಪ ಹಾಕಿದವನಿಗೆ ಬಿರಿಯಾನಿ ಕೊಟ್ಟು ಕಳುಹಿಸಿದ್ದಾರೆಯೇ? ಇಲ್ಲ. ಗೋಡೆಗೆ ಅಂದ ತರುವ ಚಿತ್ರದ ವಿಷಯ ಬಂದಾಗ ಮಾತ್ರ ಯಾಕೆ ನೆಂಟಸ್ತಿಕೆ ನೆನಪಾಗಬೇಕು? ಅದೂ ಹುಡುಗಿಯ ಕೆಲಸವಾದರೆ ಅದು ಬೇಗ ಹವ್ಯಾಸವಾಗಿ ಬಿಡುತ್ತದೆ. ಹೊಲಿಗೆ, ಮೆಹಂದಿ, ಕೇಕ್, ಟ್ಯೂಷನ್ ಎಲ್ಲದರಲ್ಲೂ ಇದನ್ನು ಕಂಡಿದ್ದೇನೆ. ಸ್ತ್ರೀಯ ಸಂಪಾದನೆ ಸ್ತ್ರೀಯದ್ದೇ ಎಂದು ಕುರ್‌ಆನಿನ ಅನ್ನಿಸಾ ಅಧ್ಯಾಯ ಸ್ಪಷ್ಟಪಡಿಸಿದೆ. ಸಂಪಾದನೆಯನ್ನೇ ಕೇಳದಂತೆ ಮಾಡಿದರೆ ಆ ಹಕ್ಕಿಗೆ ಅರ್ಥವೇನು? ನನ್ನ ತಮ್ಮ ಸುಮ್ಮನಾದ. ಒಪ್ಪಿದ ಎಂದಲ್ಲ, ಸುಮ್ಮನಾದ.

ಇನ್ನು ದೇಶದ ಕಾನೂನು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದ ವ್ಯಕ್ತಿ. ಗುಂಡಿ ಒತ್ತಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಚಿತ್ರ ತೆಗೆದವರು ಹವ್ಯಾಸಿಯೋ ವೃತ್ತಿಪರರೋ ಎಂದು ಕಾನೂನು ಕೇಳುವುದಿಲ್ಲ. ಮೊದಲು ಫೋಟೋದ ಹಕ್ಕು ಪ್ರಕಟವಾದ ನಂತರ 60 ವರ್ಷ ಇತ್ತು; 2012ರ ತಿದ್ದುಪಡಿಯ ನಂತರ ತೆಗೆದವರ ಜೀವಿತಾವಧಿ ಮತ್ತು ಆ ಮೇಲೆ 60 ವರ್ಷ. ಅಂದರೆ ಈ ಹುಡುಗಿಯ ಚಿತ್ರ ಅವಳ ಮೊಮ್ಮಕ್ಕಳ ಕಾಲದವರೆಗೂ ಅವಳ ಕುಟುಂಬದ ಆಸ್ತಿ. ಇದನ್ನು ಹೇಳಿದಾಗ ಅವಳಿಗಿಂತ ಹೆಚ್ಚು ಆಶ್ಚರ್ಯವಾದದ್ದು ಅವಳ ತಂದೆಗೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಹೋಟೆಲಿನವರು ಮೊದಲೇ ಬಂದು, "ನಮಗಾಗಿ ಅಳಿವೆಯ ಒಂದು ಚಿತ್ರ ತೆಗೆದುಕೊಡು, ಇಷ್ಟು ಹಣ ಕೊಡುತ್ತೇವೆ" ಎಂದು ಹೇಳಿ ತೆಗೆಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಒಬ್ಬರ ಕೋರಿಕೆಯ ಮೇರೆಗೆ, ಪ್ರತಿಫಲಕ್ಕಾಗಿ ತೆಗೆದ ಫೋಟೋದ ಮೊದಲ ಒಡೆತನ ತೆಗೆಸಿದವರದ್ದು ಎಂದು ಅದೇ ಕಾಯ್ದೆಯ 17ನೇ ಕಲಂ ಹೇಳುತ್ತದೆ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಮೊದಲೇ ತೆಗೆದಿಟ್ಟ ಚಿತ್ರ ಕೊಡುವುದು ಒಂದು ವ್ಯವಹಾರ, ಹೇಳಿಸಿಕೊಂಡು ತೆಗೆಯುವುದು ಇನ್ನೊಂದು. ಎರಡನೆಯದರಲ್ಲಿ ಹಕ್ಕು ನಿಮ್ಮಲ್ಲೇ ಉಳಿಯಬೇಕಾದರೆ ಕೆಲಸಕ್ಕೆ ಮೊದಲೇ ಬರೆಸಿಕೊಳ್ಳಬೇಕು.

ಈ ಕಲಂ ನಮ್ಮ ಮನೆಗಳಿಗೆ ಇನ್ನೊಂದು ರೀತಿಯಲ್ಲೂ ಮುಖ್ಯ. ಮದುವೆಗೆ ದುಡ್ಡು ಕೊಟ್ಟು ಸ್ಟುಡಿಯೋದವರನ್ನು ಕರೆಸುತ್ತೇವೆ. ಕೆಲವು ತಿಂಗಳ ನಂತರ ಮದುಮಗಳ ಫೋಟೋ ಅವರ ಅಂಗಡಿಯ ಗಾಜಿನ ಹಿಂದೆ ಅಥವಾ ಅವರ ಜಾಹೀರಾತಿನಲ್ಲಿ ಕಾಣಿಸುತ್ತದೆ. ಮನೆಯವರು ಸಂಕಟಪಡುತ್ತಾರೆ, ಆದರೆ ಅದು ಅವರ ಹಕ್ಕೇನೋ ಎಂದು ಬಾಯಿ ಮುಚ್ಚುತ್ತಾರೆ. ನೀವು ಹಣ ಕೊಟ್ಟು ತೆಗೆಸಿದ ಚಿತ್ರವಾದರೆ, ಬೇರೆ ಒಪ್ಪಂದಕ್ಕೆ ಸಹಿ ಮಾಡಿರದಿದ್ದರೆ, ಅದರ ಒಡೆಯರು ನೀವೇ. ತೆಗೆದುಹಾಕಿ ಎಂದು ಧೈರ್ಯವಾಗಿ ಹೇಳಬಹುದು. ಬುಕಿಂಗ್ ಮಾಡುವಾಗ ಕೊಡುವ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಓದಿ ಸಹಿ ಹಾಕಿ.

ಬೆಲೆಯ ಮಾತಿಗೆ ಬರೋಣ. ಇದಕ್ಕೆ ಸರಕಾರಿ ದರಪಟ್ಟಿ ಎಂಬುದಿಲ್ಲ. ನಾವು ಮಾಡಿದ್ದು ಇಷ್ಟು. ಹೋಟೆಲಿನವರಿಗೆ ಈ ಚಿತ್ರ ಸಿಗದಿದ್ದರೆ ಏನು ಮಾಡುತ್ತಿದ್ದರು ಎಂದು ಯೋಚಿಸಿದೆವು. ಒಂದು, ಇಂಟರ್‌ನೆಟ್ಟಿನ ಚಿತ್ರ ಭಂಡಾರಗಳಿಂದ ಅಗ್ಗದಲ್ಲಿ ಯಾವುದೋ ಕಡಲತೀರದ ಚಿತ್ರ ತರಬಹುದಿತ್ತು. ಅದು ಕೇರಳದ್ದೋ ಥಾಯ್ಲೆಂಡಿನದ್ದೋ ಆಗಿರುತ್ತದೆ, ಊಟಕ್ಕೆ ಬಂದ ಊರಿನವರು ಗುರುತು ಹಿಡಿದು ನಗುತ್ತಾರೆ. ಎರಡು, ಒಬ್ಬ ಛಾಯಾಗ್ರಾಹಕನನ್ನು ಅರ್ಧ ದಿನಕ್ಕೆ ಕರೆಸಬಹುದಿತ್ತು. ನಮ್ಮ ಪೇಟೆಯಲ್ಲಿ ವಿಚಾರಿಸಿದಾಗ 4,000ದಿಂದ 6,000 ರೂಪಾಯಿ ಎಂದರು. ಅದೂ ಆ ದಿನ ಮಳೆ, ದೋಣಿ, ಬಲೆ ಮೂರೂ ಒಟ್ಟಿಗೆ ಸಿಕ್ಕಿದರೆ. ಹಾಗಾಗಿ 500 ತೀರಾ ಕಡಿಮೆ, 15,000 ಕೇಳಿದರೆ ಅವರು ಎದ್ದು ಹೋಗುತ್ತಾರೆ. ಅಣ್ಣನಿಗೆ ಇದು ಹಿಡಿಸಲಿಲ್ಲ. ದೊಡ್ಡ ಕಂಪೆನಿಗಳು ಲಕ್ಷಗಟ್ಟಲೆ ಕೊಡುತ್ತವೆ ಎಂದ. ಕೊಡಬಹುದು. ಅವು ದೇಶವಿಡೀ ಬಳಸುತ್ತವೆ. ಇಲ್ಲಿರುವುದು ಹದಿನೆಂಟು ಮೇಜುಗಳ ಒಂದು ಹೋಟೆಲ್.

ನಂತರ ಬಳಕೆಗಳನ್ನು ಬೇರೆ ಮಾಡಿದೆವು. ಗೋಡೆಯ ಚಿತ್ರಕ್ಕೆ 3,500, ಮೆನು ಕಾರ್ಡಿಗೆ 1,500. ಒಟ್ಟು 5,000. ಎರಡು ವರ್ಷಕ್ಕೆ. ಮುದ್ರಣ, ಚೌಕಟ್ಟು ಎಲ್ಲ ಅವರ ಖರ್ಚು. ಅವಳು ಈ ಚಿತ್ರವನ್ನು ಬೇರೆಯವರಿಗೂ ಕೊಡಬಹುದು, ಆದರೆ ಅದೇ ಪೇಟೆಯ ಇನ್ನೊಂದು ಹೋಟೆಲಿಗೆ ಕೊಡುವಂತಿಲ್ಲ. ಈ ಕೊನೆಯ ಮಾತು ಮಾಲೀಕರಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬ ಪದದಿಂದ ಬಂತು ಎನ್ನುವವರಿದ್ದಾರೆ. ಎದುರಿನ ಹೋಟೆಲಿಗೆ ಸಿಗದ ವಸ್ತುವಿನ ಬೆಲೆ ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಸಂಬಂಧದ ಲೆಕ್ಕದಲ್ಲಿ 1,000 ರೂಪಾಯಿ ರಿಯಾಯಿತಿ ಕೊಟ್ಟೆವು. ಆದರೆ ರಶೀದಿಯಲ್ಲಿ 5,000 ಎಂದು ಬರೆದು ಅದರ ಕೆಳಗೆ ರಿಯಾಯಿತಿ ಎಂದು ಬೇರೆಯಾಗಿ ತೋರಿಸಿದೆವು. ಇದು ಬಹಳ ಉಪಯೋಗದ ಉಪಾಯ. ನೇರವಾಗಿ 4,000 ಎಂದು ಬರೆದರೆ ನಾಳೆ ಬರುವವರಿಗೆ ಅದೇ ಪೂರ್ಣ ಬೆಲೆಯಾಗುತ್ತದೆ, ಅದರ ಮೇಲೆ ಅವರೂ ನೆಂಟಸ್ತಿಕೆ ತೆಗೆಯುತ್ತಾರೆ. ಪೂರ್ತಿ ಉಚಿತವಾಗಿ ಕೊಡಬೇಕೆನಿಸಿದರೆ, ಉದಾಹರಣೆಗೆ ಮಸೀದಿಯ ಅಥವಾ ಅನಾಥಾಲಯದ ಪುಸ್ತಿಕೆಗೆ, ಹದಿಯ ಎಂದು ಹೇಳಿಯೇ ಕೊಡಿ, ಯಾವ ಬಳಕೆಗೆ ಎಂದು ಬರೆದು ಕೊಡಿ.

ಬರೆಯುವುದರ ಬಗ್ಗೆ ಮಾಲೀಕರಿಗೆ ಸ್ವಲ್ಪ ಬೇಸರವಾಯಿತು. "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದರು. ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಬಗ್ಗೆ ಇದೆ ಎಂದು ಅವರನ್ನೇ ಕೇಳಿದೆ. ಅಲ್‌ಬಕರ ಅಧ್ಯಾಯದ 282ನೇ ಸೂಕ್ತ. ನಮಾಝಿನ ಬಗ್ಗೆ ಅಲ್ಲ, ಸ್ವರ್ಗ ನರಕದ ಬಗ್ಗೆಯೂ ಅಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬಾರದು ಎಂಬುದೂ ಅದರಲ್ಲೇ ಇದೆ. ನಂಬಿಕೆ ಇಲ್ಲದವರೊಂದಿಗೆ ವ್ಯವಹಾರವನ್ನೇ ಮಾಡುವುದಿಲ್ಲವಲ್ಲ; ಬರೆಯುವುದು ನಂಬಿಕೆ ಇರುವವರ ನಡುವೆ ಮರೆವು ಬಾರದಿರಲಿ ಎಂದು. ಅವರು ನಕ್ಕು ಪೆನ್ನು ತೆಗೆದರು. ಕಾಪಿರೈಟ್ ಕಾಯ್ದೆಯೂ ಲೈಸೆನ್ಸ್ ಬರಹದಲ್ಲಿರಬೇಕು ಎನ್ನುತ್ತದೆ. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಎಂದೂ ತಿಳಿಯಲಾಗುತ್ತದೆ. ಎರಡು ವರ್ಷಕ್ಕೆಂದು ಬಾಯಲ್ಲಿ ಹೇಳಿ ಕಾಗದದಲ್ಲಿ ಬಿಟ್ಟರೆ ಏನಾಗುತ್ತದೆಂದು ನೀವೇ ಊಹಿಸಿ. ನಮ್ಮದು ಒಂದು ಪುಟದ ಕನ್ನಡ ಪತ್ರ, ಎರಡು ಪ್ರತಿ. ಜೊತೆಗೆ ಚಿತ್ರದ ಒಂದು ಸಣ್ಣ ಪ್ರಿಂಟ್ ಅಂಟಿಸಿದೆವು, ಯಾವ ಚಿತ್ರ ಎಂಬ ಗೊಂದಲ ಬಾರದಿರಲು.

ಹೆಸರಿನ ವಿಷಯದಲ್ಲಿ ಮಾತ್ರ ಮನೆಯೊಳಗೇ ತಕರಾರು ಎದ್ದಿತು. ಚಿತ್ರದ ಕೆಳಗೆ ತನ್ನ ಹೆಸರು ಇರಬೇಕೆಂದು ಹುಡುಗಿ, ಹೋಟೆಲಿನ ಗೋಡೆಯಲ್ಲಿ ಮಗಳ ಹೆಸರೇ ಎಂದು ತಂದೆ. ಅವನ ಸಂಕೋಚ ನನಗೆ ಅರ್ಥವಾಗುತ್ತದೆ, ಅದನ್ನು ಹಾಸ್ಯ ಮಾಡಲಾರೆ. ಆದರೆ ನಾವು ಮದ್ರಸದಲ್ಲಿ ಇಜಾಝ ಎಂಬ ಪದ್ಧತಿಯನ್ನು ಕಲಿತವರು. ಇಜಾಝ ಎಂದರೆ ಅನುಮತಿ. ಗುರುವು ಶಿಷ್ಯನಿಗೆ ಗ್ರಂಥವನ್ನು ಮುಂದಕ್ಕೆ ತಲುಪಿಸುವ ಅನುಮತಿ ಕೊಡುತ್ತಾನೆ, ಶಿಷ್ಯ ಎಲ್ಲಿ ಹೋದರೂ ಯಾರಿಂದ ಪಡೆದೆ ಎಂದು ಹೆಸರು ಹೇಳಲೇಬೇಕು. ಹಿಜರಿ 5ನೇ ಶತಮಾನದಲ್ಲಿ ಮಕ್ಕಾದಲ್ಲಿ ಸಹೀಹುಲ್ ಬುಖಾರಿಯನ್ನು ಬೋಧಿಸುತ್ತಿದ್ದ ಕರೀಮಾ ಅಲ್ ಮರ್ವಝಿಯ್ಯ ಎಂಬ ಮಹಿಳೆಯ ಹೆಸರನ್ನು ದೊಡ್ಡ ದೊಡ್ಡ ಇಮಾಮರು ತಮ್ಮ ಪರಂಪರೆಯಲ್ಲಿ ಬರೆದುಕೊಂಡಿದ್ದಾರೆ. ಯಾರೂ ಆ ಹೆಸರನ್ನು ಮುಚ್ಚಿಡಲಿಲ್ಲ. ಕರ್ತೃವಿನ ಹೆಸರು ಹೇಳಿಕೊಳ್ಳುವ ಹಕ್ಕನ್ನು, ಕೃತಿಯನ್ನು ಕೆಡಿಸಿದರೆ ಪ್ರಶ್ನಿಸುವ ಹಕ್ಕನ್ನು ಕಾಯ್ದೆಯ 57ನೇ ಕಲಂ ಕೊಡುತ್ತದೆ. ಹಕ್ಕು ಮಾರಿದ ಮೇಲೂ ಅದು ಉಳಿಯುತ್ತದೆ. ಕೊನೆಗೆ ಬಲಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವಳ ಹೆಸರು ಬಂತು. ತಂದೆ ಆ ಹೋಟೆಲಿಗೆ ಹೋದಾಗ ಬೇರೆ ಕಡೆ ನೋಡುತ್ತಾನಂತೆ. ಆದರೆ ಪ್ರತಿ ಸಲವೂ ಆ ಮೇಜಿನಲ್ಲೇ ಕುಳಿತುಕೊಳ್ಳುತ್ತಾನೆ ಎಂದು ಅವಳ ತಾಯಿ ಹೇಳಿದಳು.

ದೋಣಿಯಲ್ಲಿದ್ದ ಮನುಷ್ಯನನ್ನು ನಾವು ಮರೆಯಲಿಲ್ಲ. ಮುಖ ಕಾಣದಿದ್ದರೂ ಅದು ಅವನ ದೇಹ, ಅವನ ಬಲೆ, ಅವನ ದುಡಿಮೆ. ವ್ಯಾಪಾರಕ್ಕೆ ಬಳಸುವ ಮೊದಲು ಕೇಳಬೇಕು ಎಂದು ಹುಡುಗಿಯೇ ಹೇಳಿದಳು. ಅಣ್ಣ ತಂಗಿ ಮತ್ತೆ ಕೋಡಿಬೆಂಗ್ರೆಗೆ ಹೋಗಿ ಎರಡು ದಿನ ಹುಡುಕಿದರು. ಅವರು ಮೊಗವೀರ ಸಮುದಾಯದ ಹಿರಿಯರು. ಚಿತ್ರ ನೋಡಿ, "ಇದು ನಾನೇ, ಬಲೆ ಮಾತ್ರ ನನ್ನದಲ್ಲ, ಅಳಿಯನದ್ದು" ಎಂದರಂತೆ. ಹಣ ಬೇಡ, ಮನೆಗೊಂದು ಪ್ರತಿ ಕೊಡಿ ಎಂದು ಕೇಳಿದರು. ಚೌಕಟ್ಟು ಹಾಕಿಸಿ ಕೊಟ್ಟಳು. ಅವರ ಒಪ್ಪಿಗೆಯನ್ನೂ ಒಂದು ಸಾಲಿನಲ್ಲಿ ಬರೆಸಿಕೊಂಡಳು.

ಚಿತ್ರವನ್ನು ಕೊಡುವ ವಿಧಾನದ ಬಗ್ಗೆ ಒಂದೆರಡು ಮಾತು. ವಾಟ್ಸ್‌ಆ್ಯಪಿನಲ್ಲಿ ಫೋಟೋವಾಗಿ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ದೊಡ್ಡದಾಗಿ ಮುದ್ರಿಸಿದರೆ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಪೆನ್‌ಡ್ರೈವಿನಲ್ಲಿ ಕೊಡಬೇಕು. ಅವಳ ಕ್ಯಾಮರಾದ ಚಿತ್ರ 6,000 ಚುಕ್ಕಿ ಅಗಲ, 4,000 ಚುಕ್ಕಿ ಎತ್ತರ. ಕೈಯಲ್ಲಿ ಹಿಡಿದು ನೋಡುವ ಮೆನು ಕಾರ್ಡಿಗೆ ಇಂಚಿಗೆ 300 ಚುಕ್ಕಿ ಬೇಕು. ಆ ಲೆಕ್ಕದಲ್ಲಿ 20 ಇಂಚು ಅಗಲದವರೆಗೆ ಸ್ವಚ್ಛವಾಗಿ ಬರುತ್ತದೆ. ಗೋಡೆಯ ಚಿತ್ರ 6 ಅಡಿ, ಇಂಚಿಗೆ 83 ಚುಕ್ಕಿ ಮಾತ್ರ ಸಿಗುತ್ತದೆ. ದೂರದಿಂದ ನೋಡುವುದರಿಂದ ಅದು ಸಾಕಾಯಿತು. ಹಣ ಕೈಗೆ ಬರುವವರೆಗೆ ಸಣ್ಣ ಮಾದರಿಯನ್ನಷ್ಟೇ ತೋರಿಸಿದ್ದಳು. ಮೂಲ ಫೈಲನ್ನು ಯಾರಿಗೂ ಕೊಟ್ಟಿಲ್ಲ. ಚಿತ್ರ ಯಾರದೆಂದು ಮುಂದೆ ಪ್ರಶ್ನೆ ಬಂದರೆ ಅದೇ ಸಾಕ್ಷಿ.

ಡಿಸೆಂಬರಿನಲ್ಲಿ ಮಾಲೀಕರು ಗಿರಾಕಿಗಳಿಗೆ ಹಂಚಲು ಕ್ಯಾಲೆಂಡರ್ ಮಾಡಿಸಲು ಹೊರಟರು. ಮುದ್ರಣಾಲಯದವರ ಬಳಿ ಚಿತ್ರ ಆಗಲೇ ಇತ್ತು, ಹಾಕಿಬಿಡಬಹುದಿತ್ತು. ಆದರೆ ಪತ್ರದಲ್ಲಿ ಗೋಡೆ ಮತ್ತು ಮೆನು ಎಂದಷ್ಟೇ ಇತ್ತು. ಅವರೇ ನಮ್ಮ ಮನೆಗೆ ಫೋನ್ ಮಾಡಿದರು. ತಂದೆ ಫೋನ್ ಎತ್ತಿಕೊಂಡು ಒಂದು ನಿಮಿಷ ಕೇಳಿದ, ಆಮೇಲೆ "ಅದನ್ನು ನನ್ನಲ್ಲಿ ಕೇಳಬೇಡಿ, ಅವಳಲ್ಲಿ ಕೇಳಿ" ಎಂದು ಮಗಳ ಕೈಗೆ ಕೊಟ್ಟ. 1,000 ಪ್ರತಿಗೆ 2,000 ರೂಪಾಯಿ ಎಂದಳು. ಅವರು 1,500 ಎಂದರು. 1,800ಕ್ಕೆ ಮುಗಿಯಿತು, ಜೊತೆಗೆ ಹತ್ತು ಕ್ಯಾಲೆಂಡರ್. ಅದರಲ್ಲಿ ಒಂದನ್ನು ಕೋಡಿಬೆಂಗ್ರೆಗೆ ತಲುಪಿಸಿದ್ದಾಳೆ.